ಅಮಾವಾಸ್ಯೆಯ ಕವಳೆ

ಹಿತ್ತಿಲ ಗೋಡೆಗೆ ಕಲ್ಲಿನವನು ಹೇಳಿದ ದುಡ್ಡಿಗೆ
ಎರಡು ಸೀರೆಯ ರೇಷ್ಮೆ ಬರುತ್ತಿತ್ತು.
ಅದಕ್ಕೇ ಬೇಲಿ.
ನುಂಕೆಮಲೆಯ ಬುಡದಲ್ಲಿ ಆಯ್ದ ಹಣ್ಣು,
ತಿಂದು ಉಗಿದ ಬೀಜ, ಒಡೆದ ಬಿಂದಿಗೆಯಲ್ಲಿ ಮೊಳೆಸಿ
ಖೈರುನ್ನಿಯ ಹಿತ್ತಿಲಿಗೂ ನಮ್ಮದಕ್ಕೂ ನಡುವೆ
ಮೊಳಕ್ಕೊಂದರಂತೆ ಇಪ್ಪತ್ತೆರಡು ನೆಟ್ಟೆ.

"ಕಾಡಿನ ಮುಳ್ಳನ್ನ ಯಾರಾದ್ರೂ ನೀರು ಹಾಕಿ ಸಾಕ್ತಾರಾ?"
ಅಂದ ತಿಪ್ಪೇರುದ್ರ, ಮಗ್ಗದ ಗುಣಿಯೊಳಗಿಂದ, ತಲೆ ಎತ್ತದೆ.
ಲಾಳಿಯೂ ಅವನ ಕಡೆಯೇ.

ಮೂರು ವರ್ಷ ಬರೀ ಮುಳ್ಳು.
ಕೇರಿಯ ಹುಡುಗರ ಚೆಂಡು ಎಂಟು,
ಖೈರುನ್ನಿಯ ಹೊಸ ಓಡ್ನಿ ಒಂದು,
ನನ್ನ ಎಡಗೈ ಕಿರುಬೆರಳಲ್ಲಿ ಮುರಿದ ತುದಿಯೊಂದು
ಇವತ್ತಿಗೂ ಚಳಿ ಬಂತೆಂದು ಮೊದಲು ಹೇಳುತ್ತದೆ.
ನಾಲ್ಕನೇ ಬೇಸಿಗೆ, ಕರೆಂಟು ಹೋದ ರಾತ್ರಿ,
"ಯಾವಳೇ ಈ ಹೊತ್ನಲ್ಲಿ ಮಲ್ಲಿಗೆ ಮುಡಿದೋಳು?"
ಅತ್ತೆ ಕತ್ತಲಿಗೇ ಬೈದರು.
ಯಾರೂ ಮುಡಿದಿರಲಿಲ್ಲ.

ಕಾಯಿ ಕಿತ್ತರೆ ತೊಟ್ಟಿನಲ್ಲಿ ಹಾಲು.
ನೋಡಲು ಹಾಲು; ಹಿಡಿದರೆ ಅಂಟು; ಒಣಗಿದರೆ ಕಪ್ಪು.
ಗೊತ್ತಿರಲಿಲ್ಲ ನನಗೆ.
ಬುಟ್ಟಿ ಇಳಿಸಿ, ಸೆರಗಿಗೆ ಕೈ ಒರೆಸಿ,
ಕಂಡಿಕೆ ಸುತ್ತಲು ರಾಟೆಯ ಮುಂದೆ ಕೂತೆ.
ಬಿಳಿ ರೇಷ್ಮೆ. ಯಾರದೋ ಧಾರೆ ಸೀರೆ.
ಎಳೆಗೆ ಎಳೆ ಕಚ್ಚಿ, ಹೊಕ್ಕು ಹರಿದು ಹರಿದು
ಮೂರನೇ ದಿನ ಸೆರಗಿನ ಹತ್ತಿರ
ಕಾಗೆಯ ಉಗುರಿನಷ್ಟು ಕಲೆ.
ಸಾಹುಕಾರರು ಕನ್ನಡಕ ಹಣೆಗೇರಿಸಿ ನೋಡಿ
ಆರುನೂರು ಮುರಿದುಕೊಂಡರು.

ಆ ಸಂಜೆ ತಿಪ್ಪೇರುದ್ರ ಕೊಡಲಿ ಹುಡುಕಿದ.
ನೇಯುವವರ ಮನೆ, ಇದ್ದದ್ದು ಕತ್ತರಿ.
ಬೇಲಿ ಸುತ್ತಿಕೊಂಡು ಖೈರುನ್ನಿಯ ಮನೆಗೆ ಹೋದ.
ಅವಳು ಕೊಡಲಿ ಕೊಡಲಿಲ್ಲ. ತಟ್ಟೆ ಕೊಟ್ಟಳು.
ಸಜ್ಜೆ ರೊಟ್ಟಿ, ಮೇಲೆ ಕವಳೆಕಾಯಿಯ ಹಸಿ ಚಟ್ನಿ,
ಬೆಳ್ಳುಳ್ಳಿ, ಹಸಿಮೆಣಸು, ಒರಳಲ್ಲಿ ಕುಟ್ಟಿದ್ದು.
ಮೊದಲ ರೊಟ್ಟಿ ನಿಂತೇ ತಿಂದನಂತೆ. ಎರಡನೆಯದು ಕೂತು.
ಬಂದವನು ಮೂಗು ಒರೆಸಿಕೊಂಡು ಹೇಳಿದ್ದಿಷ್ಟು:
"ನೀನ್ಯಾಕೆ ಹಂಗೆ ಮಾಡಲ್ಲ?"

ಈಗ ಒಂದು ಕಟ್ಟು ಇದೆ.
ಅಮಾವಾಸ್ಯೆಗೆ ಮಗ್ಗ ಮಲಗುತ್ತದೆ, ಅವತ್ತೇ ಕವಳೆ.
ಎರಡು ಅಮಾವಾಸ್ಯೆಯ ನಡುವೆ ಹಣ್ಣಾದದ್ದೆಲ್ಲ ಪಿಕಳಾರಕ್ಕೆ,
ಅದಕ್ಕೆ ರೇಷ್ಮೆಯ ಹಂಗಿಲ್ಲ.
ಮೊಳಕೈವರೆಗೆ ಕೊಬ್ಬರಿ ಎಣ್ಣೆ ಬಳಿದು
ಆ ಕಡೆ ಅವಳು, ಈ ಕಡೆ ನಾನು.
ಮುಳ್ಳಿನ ಸಂದಿಯಲ್ಲಿ ಒಬ್ಬರ ಬೆರಳು ಇನ್ನೊಬ್ಬರಿಗೆ ತಾಗಿದರೆ
"ನನ್ನ ಕಾಯಿ ಬಿಡೇ" ಅನ್ನುತ್ತಾಳೆ.
ಪಡುವಣ ಬಿಸಿಲು ಅವಳ ಕಡೆಗೆ, ಹಣ್ಣೂ ಅವಳ ಕಡೆಗೇ ಹೆಚ್ಚು.
ನಾನು ಅದನ್ನು ಬಾಯಿ ಬಿಟ್ಟು ಹೇಳಿಲ್ಲ.

ಹಸಿರು ಇದ್ದದ್ದು ಉಪ್ಪಿಗೆ, ಭರಣಿಗೆ.
ಕೆನ್ನೆ ಕೆಂಪಾದದ್ದು ಗೊಜ್ಜಿಗೆ.
ಕಪ್ಪಾದದ್ದು ಮಕ್ಕಳ ಜೇಬಿಗೆ, ಆಮೇಲೆ ನನ್ನ ಒಗೆಯುವ ಕಲ್ಲಿಗೆ.
ಉಳಿದರೆ ಬೆಲ್ಲ ಹಾಕಿ ಕುದಿಸುತ್ತೇನೆ;
ಅತ್ತೆ ಹಲ್ಲಿಲ್ಲದ ಬಾಯಲ್ಲಿ ಅದನ್ನು
ಒಂದು ಹೊತ್ತು ಆಡಿಸುತ್ತಾರೆ, ನುಂಗುವುದೇ ಇಲ್ಲ.

ಹೋದ ಆಷಾಢದಲ್ಲಿ ಸಾಹುಕಾರರು ಬಣ್ಣದ ಕಾರ್ಡು ತಂದರು.
"ಇದು ವೈನ್ ಅಂತೆ. ಈಗ ಇದೇ ನಡೀತೈತೆ. ಅಂಚಿಗೆ ಹಾಕು."
ವೈನು ಮುಟ್ಟದ ತಿಪ್ಪೇರುದ್ರ ಕಾರ್ಡು ಹಿಡಿದು
ಹಿತ್ತಿಲ ಬಾಗಿಲಿಗೆ ಹೋಗಿ ಬೇಲಿಯ ಎದುರು ನಿಂತ.
ಅದನ್ನೂ ಇದನ್ನೂ ನೋಡಿದ. ತಿರುಗಿ ಬಂದು
"ಇನ್ನೂ ಎಲ್ಡು ದಿನ ಗಿಡದಾಗೇ ಇರಬೇಕಿತ್ತು ಇದು,"
ಅಂದ, "ಸ್ವಲ್ಪ ಹುಳಿ ಐತೆ."

ಬಣ್ಣ ಅದ್ದುವವನಿಗೂ ಹಾಗೇ ಹೇಳಿ ಕಳಿಸಿದ.
ಅವನಿಗೆ ಅರ್ಥವಾಯಿತು ಅನ್ನುವುದೇ ನನಗೆ ಆಶ್ಚರ್ಯ.